ಎಚ್.ಎಫ್. ಹಸುವಿನ ತವರಿಗೆ ದಾರಿ



ನಿಮ್ಮ ಕೊಟ್ಟಿಗೆಯ ಕಪ್ಪು-ಬಿಳಿ ಎಚ್.ಎಫ್. ಹಸುವಿನ ಪೂರ್ತಿ ಹೆಸರು ಹೋಲ್‌ಸ್ಟೀನ್ ಫ್ರೀಸಿಯನ್. ಫ್ರೀಸಿಯನ್ ಎಂದರೆ ನೆದರ್ಲೆಂಡ್ಸ್ ದೇಶದ ಫ್ರೀಸ್‌ಲ್ಯಾಂಡ್ ಪ್ರಾಂತದ್ದು. ಆ ಪ್ರಾಂತದ ರಾಜಧಾನಿ ಲೇವಾರ್ಡನ್. ಓದಲಿಕ್ಕೋ ಕೆಲಸಕ್ಕೋ ಅಲ್ಲಿಗೆ ಹೋದ ಮಗಳು "ಒಮ್ಮೆ ಬಂದು ಹೋಗಮ್ಮ" ಎಂದರೆ ಭಾಷೆ ಬಾರದೆಂದು ಹಿಂಜರಿಯಬೇಡಿ.

ಹೊರಡುವ ಮುಂಚೆ ಒಂದು ಕಹಿ ಮಾತು. ಮಗಳಿಗೆಂದು ಕಾಸಿದ ತುಪ್ಪ, ಪೇಡ, ಖೋವಾ ಯಾವುದನ್ನೂ ಒಯ್ಯುವಂತಿಲ್ಲ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಸಿಕ್ಕರೆ ಕಿತ್ತುಕೊಳ್ಳುತ್ತಾರೆ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಕಾರಣವೂ ಇದೆ. 2001ರಲ್ಲಿ ಕಾಲುಬಾಯಿ ಜ್ವರ ಬಂದಾಗ ಆ ದೇಶದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ನಮ್ಮ ಹಾಗೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವ ಪದ್ಧತಿ ಅಲ್ಲಿಲ್ಲ. ಕೊಟ್ಟಿಗೆಯಲ್ಲಿ ಮೆಟ್ಟುವ ಚಪ್ಪಲಿಯನ್ನೂ ಮನೆಯಲ್ಲೇ ಬಿಡಿ.

ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ನೇರ ವಿಮಾನವಿದೆ, ಸುಮಾರು ಹತ್ತು ಗಂಟೆಯ ಹಾದಿ. ಇಳಿಯುವುದು ಸ್ಕಿಪೋಲ್‌ನಲ್ಲಿ. ರೈಲಿಗಾಗಿ ಅಲೆಯಬೇಕಿಲ್ಲ, ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ. ಲೇವಾರ್ಡನ್‌ಗೆ ನೇರ ರೈಲು ಸಿಕ್ಕರೆ ಎರಡು ಗಂಟೆಗೆ ಸ್ವಲ್ಪ ಮೇಲೆ. ಇಲ್ಲದಿದ್ದರೆ ಸ್ವೊಲ್ಲೆಯಲ್ಲಿ ಇಳಿದು ಬದಲಾಯಿಸಿ.

ಟಿಕೆಟ್ ಬದಲು ಬ್ಯಾಂಕ್ ಕಾರ್ಡನ್ನೇ ಯಂತ್ರಕ್ಕೆ ಮುಟ್ಟಿಸಬಹುದು. ವಿದೇಶದಲ್ಲಿ ಬಳಸಲು ಅನುಮತಿಯನ್ನು ಊರಿನ ಬ್ಯಾಂಕಿನಲ್ಲೇ ಪಡೆದಿರಿ. ಹತ್ತುವಾಗ ಒಮ್ಮೆ, ಇಳಿದ ಮೇಲೆ ಇನ್ನೊಮ್ಮೆ ಮುಟ್ಟಿಸಬೇಕು. ಎರಡನೆಯದನ್ನು ಮರೆತರೆ ರೈಲಿಗೆ 20 ಯೂರೊ ಕಡಿದುಹೋಗುತ್ತದೆ. ಎಷ್ಟು ಲೀಟರ್ ಹಾಲಿನ ದುಡ್ಡು, ನೀವೇ ಲೆಕ್ಕ ಹಾಕಿ.

ಲೇವಾರ್ಡನ್ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಹಸುವಿನ ಕಂಚಿನ ಪ್ರತಿಮೆ ಕಾಣುತ್ತದೆ. 1954ರಲ್ಲಿ ನಿಲ್ಲಿಸಿದ್ದು. ಊರಿನವರು ಅದನ್ನು ಕರೆಯುವುದು "ಊಸ್ ಮೆಮ್" ಎಂದು. ಅವರ ಭಾಷೆಯಲ್ಲಿ "ನಮ್ಮಮ್ಮ" ಎಂದರ್ಥ. ನಾವು ಗೋಮಾತೆ ಎನ್ನುವುದು ಅವರಿಗೆ ಗೊತ್ತೋ ಇಲ್ಲವೋ!

ಊರೊಳಗೆ ಬಹಳ ಜನ ಓಡಾಡುವುದು ಸೈಕಲ್ಲಿನಲ್ಲಿ. ಸೈಕಲ್ಲಿಗೆ ಬೇರೆಯೇ ದಾರಿ ಇರುತ್ತದೆ. ಅದರ ಮೇಲೆ ನಡೆಯಬೇಡಿ.

ಹಿಂದಿರುಗುವಾಗ ಪುರುಸೊತ್ತಿದ್ದರೆ ಆಲ್ಕ್‌ಮಾರ್ ಬಸ್ಸು ಹಿಡಿಯಿರಿ. ಅದು 1932ರಲ್ಲಿ ಕಟ್ಟಿ ಮುಗಿಸಿದ 32 ಕಿಲೋಮೀಟರ್ ಉದ್ದದ ಏರಿಯ ಮೇಲೆ ಸಾಗುತ್ತದೆ. ಏರಿಯ ಒಂದು ಕಡೆ ಉಪ್ಪುನೀರಿನ ಸಮುದ್ರ, ಇನ್ನೊಂದು ಕಡೆ ಸಿಹಿನೀರಿನ ಕೆರೆ. ಬೇಸಿಗೆಯ ಶುಕ್ರವಾರವಾದರೆ ಆಲ್ಕ್‌ಮಾರ್‌ನಲ್ಲಿ ಚೀಸ್ ಸಂತೆಯನ್ನೂ ನೋಡಬಹುದು. ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಮತ್ತೆ ರೈಲು. ಬಸ್ ಇಳಿಯುವಾಗಲೂ ಕಾರ್ಡ್ ಮುಟ್ಟಿಸಬೇಕು, ಮರೆಯಬೇಡಿ.