ಪಡಸಾಲೆಯ ಸೊಬಗು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಳೆಯ ಮನೆಗಳಿಗೆ ಪಡಸಾಲೆಯೇ ಶೋಭೆ. ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ; ವೈಶಾಖದ ಬಿಸಿಲಿನಲ್ಲಿಯೂ ಒಳಗೆ ತಂಪು. ಜಂಗಮರು ದಯಮಾಡಿಸಲಿ, ಬೀಗರು ಬರಲಿ, ಜಮಖಾನೆ ಹಾಸಿ ಲೋಡು ಇಟ್ಟರೆ 20 ಜನ ಆರಾಮವಾಗಿ ಕೂಡುತ್ತಿದ್ದರು. ಇಂದು ಎಷ್ಟೋ ಮನೆಗಳಲ್ಲಿ ಸೋಫಾ, ಗಾಜಿನ ಕಪಾಟು, ಟಿ.ವಿ. ತುಂಬಿ ಐದಾರು ಜನರಿಗಷ್ಟೇ ಸ್ಥಳ ಉಳಿದಿದೆ.

ಸೋಫಾ ಬೇಡವೆಂದು ನಾವು ಹೇಳುವುದಿಲ್ಲ. ಮೊಣಕಾಲು ನೋವಿನ ಹಿರಿಯರಿಗೆ ಎತ್ತರದ ಎರಡು ಕುರ್ಚಿಗಳಂತೂ ಇರಲೇಬೇಕು. ಆದರೆ ನಡುವಿನ ನೆಲ ತೆರವಾಗಿರಲಿ. ಸವದತ್ತಿಗೆ ದೂರವಲ್ಲದ ನವಲಗುಂದದಲ್ಲಿ ಹೆಣ್ಣುಮಕ್ಕಳು ನಿಲುವು ಮಗ್ಗದಲ್ಲಿ ನೇಯುವ ಹತ್ತಿಯ ಜಮಖಾನೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಪಗಡೆಯ ಪಟ್ಟ, ನವಿಲುಗಳು ಮೂಡಿದ ಅಂಥದೊಂದನ್ನು ಹಾಸಿದರೆ ಬೇರೆ ಅಲಂಕಾರವೇಕೆ? ನೇಯುವ ಕೈಗಳು ಕಡಿಮೆಯಾಗುತ್ತಿವೆ. ಕೊಳ್ಳುವವರಿದ್ದರೆ ತಾನೇ ಮಗ್ಗ ನಡೆದೀತು!

ಮನೆ ದುರಸ್ತಿ ಮಾಡಿಸುವಾಗ ಗೋಡೆಯ ಗೂಡುಗಳನ್ನು ಮುಚ್ಚಿಸಬೇಡಿರಿ. ವಚನ ಗ್ರಂಥಗಳಿಗೆ ಅವೇ ಯೋಗ್ಯ ಸ್ಥಳ. ಪ್ಲಾಸ್ಟಿಕ್ ಹೂಗಳ ಸಂಗತಿ ಧೂಳು ಒರೆಸುವವರಿಗೇ ಗೊತ್ತು. ಬಸವಣ್ಣನವರ ಭಾವಚಿತ್ರವನ್ನು ಟಿ.ವಿ.ಯ ಮೇಲೆ ತೂಗುಹಾಕುವುದು ನಮಗೆ ಸರಿಕಾಣದು. ತಲಬಾಗಿಲಿನ ಎದುರು ಗೋಡೆಗಿರಲಿ, ಒಳಬಂದವರ ಕಣ್ಣಿಗೆ ಅದೇ ಮೊದಲು ಬೀಳಲಿ.