ಮಿರಜಿನ ದಾರಿ: ಮಲ್ಲಿಕಾರ್ಜುನ ಮನಸೂರರು ದಾಟಿದ ಐದು ಗಾಯನಗಳು

ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಮಿರಜ ಕಡೆಯಿಂದ ಸೇರಿಕೊಂಡವರು ಬಹಳ ಜನ ಇದ್ದೀರಿ. ಇವತ್ತು ನಿಮಗೆ ಪರಿಚಯವಿರುವ ಊರುಗಳ ಮಾತನ್ನೇ ಆಡ್ತೀನಿ. ಪಂಡಿತ ಮಲ್ಲಿಕಾರ್ಜುನ ಮನಸೂರರನ್ನು (1910–1992) ನಾವು ಸಾಮಾನ್ಯವಾಗಿ ‘ಜೈಪುರ ಘರಾಣೆಯ ಗಾಯಕ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡ್ತೀವಿ. ಆದರೆ ಅವರು ಹಾದು ಬಂದದ್ದು ಐದು ಬಗೆಯ ಗಾಯನ: ನಾಟಕದ ಹಾಡು, ಕರ್ನಾಟಕ ಸಂಗೀತ, ಗ್ವಾಲಿಯರ್, ಜೈಪುರ-ಅತ್ರೌಲಿ ಮತ್ತು ವಚನ. ಇವುಗಳಲ್ಲಿ ಎರಡನ್ನು ಕಲಿಸಿದ ಗುರುಗಳು ಇದ್ದದ್ದು ಇವತ್ತಿನ ಗಡಿಯ ಆಚೆ. ಅವರ ಕಲಿಕೆಯಲ್ಲಿ ಗಡಿನಾಡಿನ ನಮಗೆ ಒಂದು ಪಾಠ ಅದ ಅನ್ನೋದು ನನ್ನ ವಾದ.

ರಂಗದಿಂದ ಆರಂಭ

ಮನಸೂರ ಧಾರವಾಡದ ಹತ್ತಿರದ ಹಳ್ಳಿ. ಅಣ್ಣ ಬಸವರಾಜ ನಾಟಕದಲ್ಲಿದ್ದ ಕಾರಣ ಹುಡುಗ ಮಲ್ಲಿಕಾರ್ಜುನನೂ ಸಣ್ಣ ವಯಸ್ಸಿನಲ್ಲೇ ಬಣ್ಣ ಹಚ್ಚಿದ. ಆ ಕಾಲದ ನಾಟಕ ಅಂದ್ರೆ ಹಾಡು. ಮೈಕು ಇಲ್ಲದ ರಂಗದಲ್ಲಿ ಕೊನೆಯ ಸಾಲಿನವರಿಗೂ ಮಾತು ಸ್ಪಷ್ಟವಾಗಿ ಕೇಳಬೇಕು, ಭಾವ ಕೂಡಲೇ ಮುಟ್ಟಬೇಕು. ಕಂಠಕ್ಕೆ ಇದು ಮೊದಲ ತಾಲೀಮು. ಶಾಸ್ತ್ರದ ಮೊದಲ ಪಾಠ ಅಪ್ಪಯ್ಯ ಸ್ವಾಮಿಗಳಿಂದ ಆಯಿತು, ಅದೂ ಕರ್ನಾಟಕ ಸಂಗೀತದಲ್ಲಿ. ಸ್ವರದ ಶುದ್ಧಿ, ತಾಳದ ಲೆಕ್ಕ ಇಲ್ಲಿಂದ ಗಟ್ಟಿಯಾದವು.

ಮಿರಜ ಎಂಬ ಕೂಡುದಾರಿ

ಹುಡುಗನ ಹಾಡು ಕೇಳಿ ಅವನನ್ನು ಶಿಷ್ಯನಾಗಿ ತೆಗೆದುಕೊಂಡವರು ಮಿರಜಿನ ನೀಲಕಂಠಬುವಾ ಆಲೂರಮಠ. ಈ ಹೆಸರನ್ನೇ ಸ್ವಲ್ಪ ನೋಡ್ರಿ. ಆಲೂರಮಠ ಅನ್ನೋದು ಕನ್ನಡದ ಮಠದ ಹೆಸರು, ಬುವಾ ಅನ್ನೋದು ಮರಾಠಿ ಗೌರವ. ಅವರ ಗುರು ಬಾಲಕೃಷ್ಣಬುವಾ ಇಚಲಕರಂಜಿಕರ. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ತಂದವರಲ್ಲಿ ಅವರು ಮುಖ್ಯರು.

ಆಗ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಮಿರಜ ಪಟವರ್ಧನರ ಸಂಸ್ಥಾನ. ನಡುವೆ ನೇರ ರೈಲು. ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ, ತಂಬೂರಿ-ಸಿತಾರ ಮಾಡುವ ಮನೆತನಗಳು ಇರುವುದೂ ಇದೇ ಊರಲ್ಲಿ. ಸಂಗೀತ ಕಲಿಯಲು ಮಿರಜಿಗೆ ಹೋಗುವುದು ಧಾರವಾಡದ ಹುಡುಗನಿಗೆ ಪರದೇಶಕ್ಕೆ ಹೋದಂತೆ ಇರಲಿಲ್ಲ. ನಾವೀಗ ‘ಗಡಿ’ ಅನ್ನುವ ಗೆರೆ ಬಂದದ್ದು 1956ರ ನಂತರ.

ಗ್ವಾಲಿಯರ್ ಪದ್ಧತಿಯಲ್ಲಿ ಬಂದಿಶ್ ಮುಖ್ಯ. ಸ್ಥಾಯಿ, ಅಂತರಾ ಎರಡನ್ನೂ ಮೊದಲು ಸ್ವಚ್ಛವಾಗಿ ಹಾಡಿ ರಾಗದ ಚಿತ್ರವನ್ನು ಕೇಳುಗರ ಮುಂದೆ ಇಡ್ತಾರ. ಆಮೇಲೆ ಆಲಾಪ, ಬೋಲು, ನೇರವಾಗಿ ಏರಿ ಇಳಿಯುವ ಸಪಾಟ್ ತಾನು. ಮನಸೂರರು ಇದನ್ನು ವರ್ಷಗಟ್ಟಲೆ ಕಲಿತು ಹೆಸರು ಮಾಡಿದರು. 1930ರ ದಶಕದ ಆರಂಭದ ವರ್ಷಗಳಲ್ಲೇ ಎಚ್‌ಎಂವಿ ಅವರ ಧ್ವನಿಮುದ್ರಿಕೆ ತಂದಿತು. ಬೇರೆಯವರಾಗಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದರೇನೋ.

ಮತ್ತೆ ವಿದ್ಯಾರ್ಥಿ

ಅವರು ನಿಲ್ಲಲಿಲ್ಲ. ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಮುಂದೆ ಮತ್ತೆ ಕಲಿಯಲು ಕುಳಿತರು. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ, ಕೊಲ್ಹಾಪುರದ ಬುರ್ಜಿಖಾನರಲ್ಲಿ ಕಲಿಕೆ ಮುಂದುವರಿಯಿತು. ಹಾಡುಗಾರ ಅಂತ ಹೆಸರಾದ ಮೇಲೆ ಮತ್ತೆ ಗುರುವಿನ ಮುಂದೆ ಬಾಯಿ ತೆರೆಯೋದು ಸಣ್ಣ ಮಾತಲ್ಲ. ಕೈಗೆ ಹತ್ತಿದ ಹಾದಿಯನ್ನು ಬದಿಗಿಟ್ಟು ತಪ್ಪು ಹಾಡಿ ತಿದ್ದಿಸಿಕೊಳ್ಳಬೇಕು.

ಜೈಪುರದ ರೀತಿಯಲ್ಲಿ ತಾನು ನೇರ ಹೋಗುವುದಿಲ್ಲ, ಸುತ್ತಿ ಸುತ್ತಿ ಹೋಗ್ತದ. ಒಂದೊಂದು ಆವರ್ತನವೂ ಸಮಕ್ಕೆ ಹೇಗೆ ಬಂದು ಮುಟ್ಟಬೇಕು ಅನ್ನೋದರ ಸುತ್ತ ಕಟ್ಟಿದ್ದು. ಅದಕ್ಕೆ ಉಸಿರಿನ ದಮ್ಮು ಬೇಕು. ಬಸಂತಿ ಕೇದಾರದಂಥ ಜೋಡರಾಗದಲ್ಲಿ ಎರಡು ರಾಗಗಳನ್ನು ಹೊಲಿಗೆ ಕಾಣದಂತೆ ಸೇರಿಸಬೇಕು. ಖಟ್, ಶಿವಮತ ಭೈರವ, ಬಿಹಾರಿ, ಲಚ್ಚಾಸಾಖದಂಥ ಅಪರೂಪದ ರಾಗಗಳು ಮನಸೂರರಿಂದ ಸಾಮಾನ್ಯ ಕೇಳುಗರವರೆಗೆ ಬಂದವು. ಆದರೆ ಈ ತೊಡಕಿನ ನಡುವೆಯೂ ಬಂದಿಶಿನ ಮುಖ ಮಸುಕಾಗಲಿಲ್ಲ. ಅದು ಮಿರಜಿನ ಪಾಠ. ಭಾವ ಒಣಗಲಿಲ್ಲ. ಅದು ರಂಗದ ಪಾಠ.

ದರಬಾರಿನ ಆಸರೆ ಅವರಿಗೆ ಇರಲಿಲ್ಲ. ಧ್ವನಿಮುದ್ರಿಕೆ, ಕಛೇರಿ, ಧಾರವಾಡ ಆಕಾಶವಾಣಿ ಇವೇ ಆಧಾರ. ದೊಡ್ಡ ಮನ್ನಣೆ ತಡವಾಗಿ ಬಂತು: ಪದ್ಮಶ್ರೀ 1970ರಲ್ಲಿ, ಪದ್ಮವಿಭೂಷಣ ತೀರಿಕೊಂಡ ವರ್ಷ 1992ರಲ್ಲಿ.

ವಚನದ ಕಡೆಗೆ

ಖ್ಯಾಲದಲ್ಲಿ ಮಾತು ಕಡಿಮೆ, ರಾಗ ಹೆಚ್ಚು. ವಚನದಲ್ಲಿ ಮಾತೇ ಎಲ್ಲ. ಅದಕ್ಕೆ ಕಟ್ಟಿದ ಛಂದಸ್ಸಿಲ್ಲ, ನಿಗದಿಯಾದ ತಾಳವೂ ಇಲ್ಲ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಎತ್ತಬೇಕು ಅನ್ನೋದನ್ನು ಅರ್ಥವೇ ಹೇಳಬೇಕು. ಮನಸೂರರ ವಚನ ಗಾಯನದಲ್ಲಿ ರಾಗ ಮಾತಿನ ಹಿಂದೆ ನಡೀತದ, ಮಾತನ್ನು ನುಂಗುವುದಿಲ್ಲ. ತಮ್ಮ ಆತ್ಮಕಥೆಯನ್ನೂ ಅವರು ಕನ್ನಡದಲ್ಲೇ ಕೊಟ್ಟರು, ‘ನನ್ನ ರಸಯಾತ್ರೆ’ ಅಂತ.

ಚರ್ಚೆಯಿಂದ

ಪ್ರಶ್ನೆ (ಜತ್ತ ಕಡೆಯಿಂದ): ನಮ್ಮ ಹುಡುಗರು ಮರಾಠಿ ಸಾಲಿಗೆ ಹೋಗ್ತಾರ, ಭಜನಿಯೊಳಗ ಅಭಂಗ ಹಾಡ್ತಾರ, ಮನ್ಯಾಗ ವಚನ. ಹಿಂಗ ಎರಡೂ ಕಡೆ ಇದ್ರ ಕನ್ನಡ ಕಡಿಮಿ ಆಗ್ತದೇನ್ರಿ?

ಉತ್ತರ: ಅಭಂಗ ಹಾಡಿದ್ದರಿಂದ ಕಡಿಮಿ ಆಗಂಗಿಲ್ರಿ. ಒಂದು ಕಲಿತರ ಇನ್ನೊಂದು ಹೋಗಬೇಕು ಅಂತಿಲ್ಲ ಅನ್ನೋದಕ್ಕ ಮನಸೂರರೇ ಸಾಕ್ಷಿ. ಆದರ ಒಂದು ವ್ಯತ್ಯಾಸ ಅದ. ಗಾಯನವನ್ನು ಅವರು ಗುರುಗಳ ಹತ್ರ ಹೋಗಿ, ವಯಸ್ಸಾದ ಮೇಲೂ ಕಲಿತರು. ಕನ್ನಡ ಅವರಿಗೆ ಊರಿಂದ, ಮನೆಯಿಂದ, ಮಠದಿಂದ ಮೊದಲೇ ಬಂದಿತ್ತು. ಅದು ಇದ್ದದ್ದಕ್ಕೇ ವಚನಕ್ಕೆ ಬಂದಾಗ ಯಾವ ಪದ ಎತ್ತಬೇಕು ಅಂತ ಗೊತ್ತಾಯಿತು. ನಿಮ್ಮ ಹುಡುಗರಿಗೆ ಸಾಲಿಯೊಳಗ ಕನ್ನಡ ಇಲ್ಲ ಅಂದ್ರ, ಅಕ್ಷರವನ್ನ ಮನ್ಯಾಗ, ಮಠದಾಗ ಕಲಿಸಬೇಕು. ಇಲ್ಲದಿದ್ರ ರಾಗ ಉಳೀತದ, ಸೊನ್ನಲಿಗೆಯ ಸಿದ್ಧರಾಮನ ಊರಾಗೇ ವಚನದ ಅರ್ಥ ಹೋಗ್ತದ. ಭಜನಿ ಮುಗಿದ ಮ್ಯಾಲ ಅರ್ಧ ತಾಸು ಕುಂಡ್ರಿಸಿ, ಹಾಡಿದ ವಚನವನ್ನೇ ಓದಿಸ್ರಿ. ಅಲ್ಲಿಂದ ಸುರು ಮಾಡಬಹುದು.