ಅದೇ ಯಂತ್ರ, ಅದೇ ಲೆಕ್ಕ: ಏಳು ಗಂಟೆ ಅರ್ಧ ಸೆಕೆಂಡಾದದ್ದು ಹೇಗೆ?



ಕಂಪ್ಯೂಟರ್ ನಿಧಾನವಾಯಿತೆಂದರೆ ನಾವು ಮೊದಲು ದೂರುವುದು ಯಂತ್ರವನ್ನು. 'ಹಳೆಯದಾಯಿತು, ಹೊಸದು ಕೊಳ್ಳಬೇಕು' ಎನ್ನುತ್ತೇವೆ. ತಪ್ಪು ಯಂತ್ರದ್ದೇ ಆಗಿರಬೇಕಿಲ್ಲ ಎಂಬುದಕ್ಕೆ ಒಂದು ಪ್ರಯೋಗ ಸಾಕ್ಷಿಯಾಗಿದೆ. ಅಮೆರಿಕದ ಎಂ.ಐ.ಟಿ.ಯ ಚಾರ್ಲ್ಸ್ ಲೈಸರ್ಸನ್ ಮತ್ತು ಸಂಗಡಿಗರು ಅದನ್ನು 2020ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಪರದೆಯ ಮೇಲೆ ಅಂಕಿಗಳು ಬಂದು ಮಾಯವಾಗುತ್ತವೆ; ಇಲ್ಲಿ ನಿಧಾನವಾಗಿ ನೋಡೋಣ.

ಅವರು ಆರಿಸಿಕೊಂಡ ಲೆಕ್ಕ ನಿಮಗೆ ಪರಿಚಿತವಾದದ್ದೇ: ಎರಡು ಮಾತೃಕೆಗಳ ಗುಣಾಕಾರ. ಆದರೆ ಪ್ರತಿ ಮಾತೃಕೆಯಲ್ಲೂ 4,096 ಅಡ್ಡಸಾಲು, 4,096 ಕಂಬಸಾಲು. ಉತ್ತರದ ಒಂದೊಂದು ಸಂಖ್ಯೆಗೂ 4,096 ಗುಣಾಕಾರ ಬೇಕು. ಒಟ್ಟು ಸುಮಾರು 6,871 ಕೋಟಿ!

ಪೈಥಾನ್ ಭಾಷೆಯಲ್ಲಿ ಸರಳವಾಗಿ ಬರೆದಾಗ ಈ ಲೆಕ್ಕಕ್ಕೆ ಸುಮಾರು 7 ಗಂಟೆ ಹಿಡಿಯಿತು. ಸಿ ಭಾಷೆಯಲ್ಲಿ 9 ನಿಮಿಷ ಸಾಕಾಯಿತು. ಏಕೆ? ಪೈಥಾನ್‌ನಲ್ಲಿ ಕೆಲಸ ನಡೆಯುವಾಗಲೇ ಪ್ರತಿ ಆದೇಶವನ್ನೂ ಯಂತ್ರಕ್ಕೆ ಅರ್ಥೈಸುವ ದುಭಾಷಿಯೊಬ್ಬನಿದ್ದಂತೆ. ಪ್ರತಿ ಬಾರಿಯೂ ಆತ ಮತ್ತೆ ಹೇಳಬೇಕು. ಸಿ ಭಾಷೆಯಲ್ಲಿ ಅನುವಾದ ಮೊದಲೇ ಮುಗಿದಿರುತ್ತದೆ.

ಆ ಯಂತ್ರದಲ್ಲಿ 18 ಸಂಸ್ಕಾರಕಗಳಿದ್ದವು. ಕೆಲಸವನ್ನು ಎಲ್ಲಕ್ಕೂ ಹಂಚಿದಾಗ ಸಮಯ 70 ಸೆಕೆಂಡಿಗೆ ಇಳಿಯಿತು. 18 ಪಟ್ಟು ವೇಗ ಬರಬೇಕಿತ್ತಲ್ಲವೇ? ಬಂದದ್ದು ಸುಮಾರು 8 ಪಟ್ಟು ಮಾತ್ರ.

ಅಡ್ಡಿ ಎಲ್ಲಿತ್ತೆಂದು ತಿಳಿಯಲು ಅಡುಗೆಮನೆಗೆ ಬನ್ನಿ. ಸಾಸಿವೆಗೊಮ್ಮೆ, ಇಂಗಿಗೊಮ್ಮೆ ಉಗ್ರಾಣಕ್ಕೆ ಓಡಿದರೆ ಒಗ್ಗರಣೆ ಸೀದುಹೋಗುತ್ತದೆ. ಬೇಕಾದಷ್ಟನ್ನು ಒಲೆಯ ಪಕ್ಕದ ಒಗ್ಗರಣೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ಜಾಣತನ. ಕಂಪ್ಯೂಟರಿನ ಮುಖ್ಯ ಸ್ಮೃತಿ ಉಗ್ರಾಣವಾದರೆ, ಸಂಸ್ಕಾರಕದ ಬಳಿಯಿರುವ ಪುಟ್ಟ, ಚುರುಕಾದ 'ಕ್ಯಾಶ್' ಸ್ಮೃತಿಯೇ ಆ ಡಬ್ಬಿ. ಮಾತೃಕೆಗಳನ್ನು ಕ್ಯಾಶ್‌ನಲ್ಲಿ ಹಿಡಿಸುವ ಸಣ್ಣ ತುಂಡುಗಳಾಗಿ ಒಡೆದು, ತಂದ ಸಂಖ್ಯೆಗಳನ್ನು ಮತ್ತೆ ಮತ್ತೆ ಬಳಸಿದಾಗ ಸಮಯ 3.8 ಸೆಕೆಂಡಿಗೆ ಇಳಿಯಿತು! ಕೊನೆಗೆ, ಒಂದೇ ಆದೇಶಕ್ಕೆ ಹಲವು ಸಂಖ್ಯೆಗಳನ್ನು ಒಟ್ಟಿಗೆ ಗುಣಿಸುವ ಸೌಲಭ್ಯವನ್ನೂ ಬಳಸಿದರು: 0.41 ಸೆಕೆಂಡ್. ಅಂದರೆ 62,000 ಪಟ್ಟಿಗೂ ಮಿಕ್ಕ ವೇಗ.

ಇದು ನಿಮಗೇಕೆ ಮುಖ್ಯ? ದಶಕಗಳ ಕಾಲ ಚಿಪ್ಪಿನ ಟ್ರಾನ್ಸಿಸ್ಟರುಗಳು ಸುಮಾರು ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದವು. ಸೋಮಾರಿ ಪ್ರೋಗ್ರಾಮನ್ನೂ ಹೊಸ ಯಂತ್ರ ಓಡಿಸಿಬಿಡುತ್ತಿತ್ತು. ಈಗ ಆ ಓಟ ನಿಧಾನಿಸಿದೆ. ಮುಂದಿನ ವೇಗದ ದೊಡ್ಡ ಪಾಲನ್ನು ಪ್ರೋಗ್ರಾಮ್ ಬರೆಯುವವರೇ, ಎಂದರೆ ನಾಳೆ ನೀವೇ, ತರಬೇಕಾಗಿದೆ. ಎಲ್ಲ ಪ್ರೋಗ್ರಾಮಿಗೂ ಇಷ್ಟು ಲಾಭ ಸಿಗದು. ಚುರುಕುಗೊಳಿಸಿದ ಪ್ರೋಗ್ರಾಮ್ ಬರೆಯಲೂ, ತಿದ್ದಲೂ ಕಷ್ಟ. ಆದ್ದರಿಂದ ಸಮಯ ಎಲ್ಲಿ ಸೋರುತ್ತಿದೆ ಎಂದು ಮೊದಲು ಅಳೆಯಿರಿ, ಆಮೇಲೆ ತಿದ್ದಿರಿ.

ಕಾಲೇಜಿನ ಪ್ರಯೋಗಾಲಯದಲ್ಲಿ ಹೀಗೆ ಮಾಡಿ ನೋಡಿ. ಸಿ ಭಾಷೆಯಲ್ಲಿ ದೊಡ್ಡದೊಂದು ಮಾತೃಕೆಯ ಸಂಖ್ಯೆಗಳನ್ನು ಒಮ್ಮೆ ಅಡ್ಡಸಾಲಿನ ಕ್ರಮದಲ್ಲಿ, ಇನ್ನೊಮ್ಮೆ ಕಂಬಸಾಲಿನ ಕ್ರಮದಲ್ಲಿ ಕೂಡಿಸಿ. ಸಿ ಭಾಷೆ ಸಂಖ್ಯೆಗಳನ್ನು ಅಡ್ಡಸಾಲಿನ ಕ್ರಮದಲ್ಲೇ ಜೋಡಿಸಿಡುತ್ತದೆ ಎಂಬುದು ನೆನಪಿರಲಿ. ಮೊತ್ತ ಎರಡೂ ಬಾರಿ ಒಂದೇ. ಹಿಡಿದ ಸಮಯ? ಅಳೆದು ನೋಡಿ, ಕಾರಣವನ್ನು ಗೆಳೆಯರಿಗೆ ವಿವರಿಸಿ.